ನೀರಿನಲ್ಲಿ ಬರೆಯುತ್ತಿದ್ದಾಕೆ

ನೀರು ತುಂಬಿದ ಸ್ಟೀಲಿನ ಗ್ಲಾಸನ್ನು ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಇಟ್ಟಾಗ ಒಂದು ಸಪ್ಪಳ ಬರುತ್ತದೆ. ದೊಡ್ಡದೇನಲ್ಲ. ಮಾತಾಡುವ ಮೊದಲು ಯಾರೋ ಗಂಟಲು ಸರಿ ಮಾಡಿಕೊಂಡಂತೆ ಇರುತ್ತದೆ, ಅಷ್ಟೆ. ಅಫಜಲಪುರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹಿಂದಿನ ಪಡಸಾಲೆಯಲ್ಲಿ, ಊಟದ ಬಿಡುವಿನಲ್ಲಿ, ಆ ಸಪ್ಪಳ ಕೇಳಿದ ಕೂಡಲೇ ಸ್ಟಾಫ್ ರೂಮಿನ ಹರಟೆ ನಿಲ್ಲುತ್ತಿತ್ತು. ಯಾರಾದರೊಬ್ಬರು ಮೆಲ್ಲಗೆ, "ಆಪಾ ಬರಿಯಾಕತ್ತಾರ" ಅನ್ನುತ್ತಿದ್ದರು. ಡಬ್ಬಿ ಅರ್ಧಕ್ಕೆ ಬಿಟ್ಟು, ಕೈಯೊಳಗಿನ ರೊಟ್ಟಿ ಕೈಯಲ್ಲೇ ಹಿಡಿದು, ಎಲ್ಲರೂ ಎದ್ದು ಹೋಗುತ್ತಿದ್ದರು. ನಾನು ಕಟ್ಟಕಡೆಗೆ ಏಳುತ್ತಿದ್ದೆ. ಬೇಕಂತಲೇ.

ಹೋದ ತಿಂಗಳು ಆಪಾ ಜೇವರ್ಗಿಯಲ್ಲಿ ತೀರಿಕೊಂಡಳು. ಈಗ ಆ ಶಾಲೆಯಲ್ಲಿ ಕೆಲಸ ಮಾಡುವ ಒಬ್ಬ ಯಂಗ್ ಟೀಚರ್ ನನಗೆ ಫೋನ್ ಮಾಡಿದಳು. ಆಪಾನ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ.

"ಮೇಡಂ, ಆಪಾರ ಕವಿತಾ ನಿಮ್ಮ ಹಂತೇಕ ಇರಬೇಕಲ್ರಿ? ಎಲ್ಲಾರನ್ನೂ ಕೇಳಿದ್ವಿ. ಒಬ್ಬರ ಕಡೀನೂ ಒಂದೂ ಇಲ್ಲ."

"ಹಾಳಿ ಮ್ಯಾಲ ಒಂದೂ ಇಲ್ಲವ್ವಾ."

"ಮತ್ತ ಏನಾದ್ವು?"

"ಆರಿ ಹೋದ್ವು."

ಆ ಹುಡುಗಿ, ಮುದುಕಿ ಏನೋ ಕಾವ್ಯಮಯವಾಗಿ ಮಾತಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಆನೆಸ್ಟ್ಲಿ, ನಾನು ಇದ್ದದ್ದನ್ನು ಇದ್ದಂತೆ ಹೇಳಿದ್ದೆ. ಕವಿತೆ ಇಲ್ಲದಿದ್ದರೆ ನೀವೇ ಒಂದು ಲೇಖನ ಬರೆದುಕೊಡಿ ಅಂದಳು. ಒಪ್ಪಿಕೊಂಡೆ. ಆಳಂದದಲ್ಲಿ ನಾನು ಈಗ ನನ್ನ ತಂಗಿಯ ಜೊತೆ ಇದ್ದೇನೆ. ಆಕೆ ಮೆಂತ್ಯ ಸೊಪ್ಪು ಸೋಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕಾ, ಆಕಿ ಬಗ್ಗೆ ನೀ ಬರೀತಿಯೇನು? ಆಕಿ ಹೆಸರು ತೆಗದ್ರ ಸಾಕು, ನಿನ್ನ ಮಾರಿ ಹುಣಸಿಕಾಯಿ ಕಚ್ಚಿದಂಗ ಆಗ್ತಿತ್ತಲ್ಲ."

ಖರೆ. ಅದೇ ಮಾರಿ ಇಟ್ಟುಕೊಂಡು ಬರೆಯುತ್ತೇನೆ. ಬೇರೆ ಮಾರಿ ನನಗೆ ಈ ವಯಸ್ಸಿನಲ್ಲಿ ಎಲ್ಲಿಂದ ಬರಬೇಕು? ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ತನ್ನ ಒಂದು ಸಾಲಿನ ಕೆಳಗೂ ಹೆಸರು ಹಾಕದವಳ ಹೆಸರನ್ನು ನಾನು ಇಲ್ಲಿ ಹಾಕಿದರೆ ಚೆನ್ನಾಗಿರುವುದಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಆಕೆ ಆಪಾ, ಅಂದರೆ ಅಕ್ಕ. ನನಗೂ ಆಪಾ.

ಮೊದಲ ಕವಿತೆಗೆ ಕಾರಣ ನಾನು. ಸಂಚಿಕೆಯಲ್ಲಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ನನ್ನದೇನೂ ಅಡ್ಡಿಯಿಲ್ಲ.

ನಾನು ಆಳಂದದ ವ್ಯಾಪಾರಸ್ಥರ ಮನೆಯವಳು. ಅಪ್ಪ ನನ್ನನ್ನು ಗುಲ್ಬರ್ಗಾದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಕೊರಳಲ್ಲಿ ಲಿಂಗ, ಬಾಯಲ್ಲಿ ಚರ್ಚಿನ ಹಿಮ್ಸ್. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಒಂದು ದಿನ ಸಿಲೆಬಸ್ ಪಕ್ಕಕ್ಕಿಟ್ಟು ಚೀನಾದ ಹಳೆಯ ಪದ್ಯಗಳನ್ನು ಇಂಗ್ಲಿಷಿನಲ್ಲಿ ಓದಿದರು. ಬೆಟ್ಟ, ಮಂಜು, ಒಂದು ಖಾಲಿ ದೋಣಿ. ತಾವೋ ಅಂದರೆ ದಾರಿ ಅಂತ ಅರ್ಥ ಹೇಳಿದರು. ಯಾವ ದಾರಿ ಸಿಸ್ಟರ್ ಅಂತ ಕೇಳಿದೆ. ಎಲ್ಲವೂ ತಮ್ಮಷ್ಟಕ್ಕೆ ತಾವು ಹೋಗುವ ದಾರಿ, ಚೈಲ್ಡ್, ನಾವು ಅಡ್ಡ ನಿಲ್ಲದಿದ್ದರೆ ಕಾಣುತ್ತದೆ, ಅಂದರು. ಆ ವಯಸ್ಸಿನಲ್ಲಿ ಒಂದು ಮಾತು ಒಳಗೆ ಇಳಿದರೆ ಇಳಿಯಿತು. ಆ ಪದ್ಯಗಳನ್ನು ಕನ್ನಡಕ್ಕೆ ತರಬೇಕು ಅಂತ ಅವತ್ತೇ ಹಟ ಹಿಡಿದೆ. ಹಟ ಹಿಡಿದು ತಾವೋ ಹಿಂದೆ ಬಿದ್ದವಳು ನಾನು. ಇದರಲ್ಲೇನೋ ತಪ್ಪಿದೆ ಅಂತ ತಿಳಿಯಲು ಜೀವಮಾನ ಹಿಡಿಯಿತು.

ಅಫಜಲಪುರದಲ್ಲಿ ನಾನು ಇಂಗ್ಲಿಷ್ ಟೀಚರ್, ಆಪಾ ಭೂಗೋಳದ ಟೀಚರ್. ಒಂದು ಬೇಸಿಗೆಯ ಮಧ್ಯಾಹ್ನ, ಕರೆಂಟು ಹೋಗಿತ್ತು, ಎಲ್ಲರೂ ಪಡಸಾಲೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು. ನಾನು ಆಕೆಗೆ ತಾವೋ ಬಗ್ಗೆ ಹೇಳಿದೆ. ಎಷ್ಟೋ ವರ್ಷ ಓದಿ ಮುಟ್ಟಿದ ಜಾಗ ಅದು. ಸ್ವಲ್ಪ ಗಂಭೀರವಾಗಿಯೇ ಹೇಳಿದೆ. ನೀರಿನ ಹಾಗೆ ಇರಬೇಕು, ತಗ್ಗಿನ ಕಡೆ ಹೋಗಬೇಕು, ಜಗ್ಗಾಡಬಾರದು, ಮಾಡದೆಯೇ ಮಾಡಬೇಕು, ಅಂತೆಲ್ಲ.

ಆಕೆ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿಯುತ್ತಾ, "ಹೌದ್ರಿ ಬಾಯಾರ. ಮತ್ತ ಹೆಂಗಿರತದ?" ಅಂದಳು. ಟೀಚರಮ್ಮನಿಗೆ ನಮ್ಮ ಕಡೆ ಬಾಯಾರ ಅನ್ನುವುದು.

ಭೀಮಾ ಹೊಳೆ ಮುಂದೆ ಹೋಗಿ ಕೃಷ್ಣೆಗೆ ಸೇರುತ್ತದೆ ಅಂತ ನಾನು ಆಕೆಗೆ ಹೊಸದಾಗಿ ಹೇಳಿದಂತೆ! ನನಗೆ ಮೈ ಉರಿಯಿತು. ಆಕೆ ಕೈ ತೊಳೆದು, ಮಣ್ಣಿನ ರಂಜಣಿಗೆಯಿಂದ ಗ್ಲಾಸಿನಲ್ಲಿ ಕುಡಿಯುವ ನೀರು ತಂದು ಪಕ್ಕಕ್ಕಿಟ್ಟಳು. ಅದೇ ನಾನು ಮೊದಲು ಕೇಳಿದ ಸಪ್ಪಳ. ಕುಡಿಯಲಿಲ್ಲ. ತೋರುಬೆರಳು ಅದ್ದಿ, ಪಡಸಾಲೆಯ ಆ ಬೂದು ಬಣ್ಣದ ಶಹಾಬಾದ್ ಪರಸಿಯ ಮೇಲೆ ಬರೆದಳು:

ಹಾದಿ ಕೇಳಿದೆ ಹೊಳಿಗೆ.
ತಗ್ಗು ತೋರಿಸಿ ಹೋತು.

ಎರಡನೇ ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲಿನ "ಹಾದಿ" ಆರಿತ್ತು. ನಮ್ಮ ಕಡೆಯ ಮಾರ್ಚ್ ತಿಂಗಳ ಬಿಸಿಲು ಅಂದರೆ ಗೊತ್ತಲ್ಲ. ಆಕೆ ಉಳಿದ ನೀರು ಕುಡಿದು, ಗ್ಲಾಸು ಬೋರಲು ಹಾಕಿ, ಎಂಟನೇ ಕ್ಲಾಸಿಗೆ ಹೋದಳು. ನಾನು ಒಣಗಿದ ಕಲ್ಲು ನೋಡುತ್ತಾ ಕೂತೆ. ನಾನು ಅಷ್ಟು ವರ್ಷ ಇಂಗ್ಲಿಷಿನಿಂದ ಎತ್ತಿ ಎತ್ತಿ ತರುತ್ತಿದ್ದೆನಲ್ಲ, ಅದು ಆಕೆಗೆ ಕುಡಿಯಲು ತಂದ ನೀರಿನಲ್ಲೇ ಬಂದಿತ್ತು. ಎಫರ್ಟ್‌ಲೆಸ್.

ಆಮೇಲೆ ಅದು ಆಕೆಯ ಅಭ್ಯಾಸವೇ ಆಯಿತು. ದಿನಾ ಅಲ್ಲ. ಬಂದಾಗ. ವಾರಗಟ್ಟಲೆ ಬರದಿದ್ದರೆ ಅದಕ್ಕೇನೂ ಬೇಸರವಿಲ್ಲ. ಆ ಕವಿತೆಗಳ ಉದ್ದವನ್ನು ತೀರ್ಮಾನ ಮಾಡುತ್ತಿದ್ದದ್ದು ಆಕೆಯಲ್ಲ, ಬಿಸಿಲು. ಬೇಸಿಗೆಯಲ್ಲಿ ಎರಡು ಸಾಲು ದಾಟುತ್ತಿರಲಿಲ್ಲ; ದಾಟಿದರೆ ಓದುವವರಿಗೆ ತಲೆ ಸಿಕ್ಕರೆ ಬಾಲ ಇಲ್ಲ, ಬಾಲ ಸಿಕ್ಕರೆ ತಲೆ ಇಲ್ಲ. ಚಳಿಗಾಲಕ್ಕೆ ನಾಲ್ಕು. ಶ್ರಾವಣದ ಮೋಡದಲ್ಲಿ ಪರಸಿ ತಂಪಾಗಿ, ಏಳೆಂಟು ಸಾಲು ನಿಲ್ಲುತ್ತಿದ್ದವು. ಹಿಂದಿ ಟೀಚರ್ ಒಬ್ಬರಿದ್ದರು, ಚೇಷ್ಟೆ ಸ್ವಭಾವದವರು. "ಆಪಾ, ನಿಮಗ ಮಹಾಕಾವ್ಯ ಬರೀಬೇಕಂದ್ರ ಚಿರಾಪುಂಜಿಗೆ ವರ್ಗ ಆಗಬೇಕ ನೋಡ್ರಿ" ಅನ್ನುತ್ತಿದ್ದರು. ಆಪಾ ಹೊಟ್ಟೆ ಹಿಡಿದು ನಗುತ್ತಿದ್ದಳು.

ನಗುವುದು ಹೇಳಿದೆ, ನೋಡಲು ಹೇಗಿದ್ದಳು ಅಂತ ಹೇಳಲಿಲ್ಲ. ಕುಳ್ಳಗೆ, ಗುಂಡಗೆ. ತಲೆ ಮೇಲೆ ಸೆರಗು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿರುತ್ತಿತ್ತು. ನಾಲ್ಕು ಬೆರಳಿಗೆ ಚಾಕ್‌ಪೀಸಿನ ಪುಡಿ, ತೋರುಬೆರಳು ಮಾತ್ರ ತೊಳೆದು ಲಕಲಕ. ಬಸ್ಸಿಗಾಗಿ ಆಕೆ ಓಡಿದ್ದನ್ನು ನಾನು ನೋಡಿಲ್ಲ. ಕಣ್ಣೆದುರೇ ಬಸ್ಸು ಹೊರಟರೆ, "ಹೋಗ್ಲಿ ಬಿಡ್ರಿ, ಹಿಂದಿಂದು ನಮ್ಮದು" ಅಂತ ಕಟ್ಟೆ ಮೇಲೆ ಕೂತು ಚೀಲದಿಂದ ಕಡಲೆ ತೆಗೆಯುತ್ತಿದ್ದಳು. ನಾನು ಆ ಹೊರಟ ಬಸ್ಸಿನ ಹಿಂದೆ ಓಡಿ, ಕಂಡಕ್ಟರನ ಬೈಗುಳ ತಿಂದು, ಚಪ್ಪಲಿ ಕಿತ್ತುಕೊಂಡು ಹತ್ತಿದವಳು. ಕಿಟಕಿಯಿಂದ ನೋಡಿದರೆ ಆಕೆ ಕಡಲೆ ತಿನ್ನುತ್ತಾ ನನಗೆ ಕೈ ಬೀಸುತ್ತಿದ್ದಳು.

ಆಕೆಯ ಗಂಡ ಮಿಲ್ಲಿನ ಕೆಲಸಕ್ಕೆ ಅಂತ ಸೋಲಾಪುರಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಸ್ಟಾಫಿನವರು ಮೊದಮೊದಲು ಕೆದಕುತ್ತಿದ್ದರು. "ಹೋದ್ರಿ. ಹೋಗೋರಿಗೆ ಬಾಗಲಾ ಬಿಡಬೇಕಲ್ರಿ, ಅಡ್ಡ ನಿಂತ್ರ ನಮಗಽ ಬಡೀತದ" ಅಂತ ಆಕೆ ಒಂದೇ ಸಲ ಹೇಳಿದ್ದು. ಆ ಮಾತಿನ ಮೇಲೂ ನನಗೆ ಅಸೂಯೆ ಆಯಿತು. ಒಳ್ಳೆಯ ಗಂಡ ಇದ್ದವಳು ನಾನು, ಆಕೆಯ ಮೇಲೆ ಅಸೂಯೆ! ನನ್ನ ಯಜಮಾನರು ಇದನ್ನು ಕಂಡುಹಿಡಿದಿದ್ದರು. "ನಿನಗ ಆಕಿ ಕವಿತಾ ಬೇಕಾಗಿಲ್ಲ, ಆಕಿ ನಿದ್ದಿ ಬೇಕಾಗೇದ" ಅಂತ ಒಮ್ಮೆ ಅಂದರು. ನಾನು ಎರಡು ದಿನ ಮಾತು ಬಿಟ್ಟೆ.

ಅಲ್ಲ, ನನಗೆ ಬೇಕಾಗಿದ್ದು ಬೇರೆ. ಅದನ್ನು ಹೇಳದೆ ಈ ಲೇಖನ ಮುಂದೆ ಹೋಗುವುದಿಲ್ಲ. ನನ್ನ ಒಂದು ಪದ್ಯ ಕೇಳಿ ಆಕೆ "ಛಲೋ ಅದ" ಅನ್ನಬೇಕಿತ್ತು. ಅಷ್ಟೇ. ಬೇರೆಯವರು ಬೇಕಾದಷ್ಟು ಅಂದಿದ್ದಾರೆ. ಯಜಮಾನರು ಉಪ್ಪಿಟ್ಟಿಗೂ ಪದ್ಯಕ್ಕೂ ಒಂದೇ ಸ್ವರದಲ್ಲಿ ಅನ್ನುತ್ತಿದ್ದರು, ಅದು ಲೆಕ್ಕಕ್ಕಿಲ್ಲ. ಆಕೆ ಅನ್ನಬೇಕಿತ್ತು.

ಊಟದ ಹೊತ್ತಿನಲ್ಲಿ ನನ್ನ ಅನುವಾದಗಳನ್ನು ಆಕೆಗೆ ಓದುತ್ತಿದ್ದೆ. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಅಗಿಯುವುದನ್ನೂ ನಿಲ್ಲಿಸಿ. ಅಷ್ಟು ಮರ್ಯಾದೆ ಕೊಡುತ್ತಿದ್ದಳು. ಮುಗಿದ ಮೇಲೆ, "ಬಾಯಾರ, ಇದು ಇಸ್ತ್ರಿ ಮಾಡಿ ಮಡಚಿಟ್ಟಂಗ ಅದ" ಅನ್ನುತ್ತಿದ್ದಳು. ಇನ್ನೊಂದು ಸಲ, "ಇದ್ರಾಗ ಭಾಳ ಮಂದಿ ತುಂಬ್ಯಾರಲ್ರಿ."

"ಮಂದಿ ಎಲ್ಲಿ ಅದಾರ? ಬರೇ ಗುಡ್ಡ, ಚಂದ್ರ ಇರೋದು."

"ಗುಡ್ಡದ ಹಿಂದ ನೀವು ನಿಂತೀರಿ. ನಿಮ್ಮ ಹಿಂದ ಆ ಸಿಸ್ಟರ್ ನಿಂತಾರ. ಚಂದ್ರಗ ಹಾಯಾಕ ಜಾಗ ಇಲ್ಲ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ; ಅದೇ ನನಗೆ ತಡೆಯಲಾಗದ್ದು. ಕುಹಕ ಇದ್ದಿದ್ದರೆ ಜಗಳ ಆಡಬಹುದಿತ್ತು. ಆಮೇಲೆ ನೋಡಿದರೆ, ಜವಾನ ತಂದ ಕಲಗಚ್ಚಿನಂಥ ಚಹಾ ಕುಡಿದು "ಛಲೋ ಅದ" ಅನ್ನುವಳು. ಹುಡುಗಿಯೊಬ್ಬಳು ಶ್ರೀಲಂಕಾವನ್ನು ಭಾರತದ ಎಡಗಡೆ ಬರೆದು ತಂದರೆ, "ಅದ್ರ ಜಾಗದಾಗ ಇಲ್ಲ, ಆದ್ರ ಆಕಾರ ಛಲೋ ಅದ" ಅನ್ನುವಳು. ಚಹಾಕ್ಕೆ ಸಿಕ್ಕಿತು, ಶ್ರೀಲಂಕಾಕ್ಕೆ ಸಿಕ್ಕಿತು. ನನಗಿಲ್ಲ.

ತಾಲ್ಲೂಕಿನ ಸಾಹಿತ್ಯ ಕೂಟದವರು ಒಮ್ಮೆ ನಮ್ಮ ಶಾಲೆಯ ಅಂಗಳದಲ್ಲೇ ಕವಿಗೋಷ್ಠಿ ಇಟ್ಟಿದ್ದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಅಧ್ಯಕ್ಷರಿಗೆ ಮಾತ್ರ ಟವೆಲ್ ಹಾಸಿದ ದೊಡ್ಡ ಕುರ್ಚಿ. ನಾನು ತಾವೋ ಬಗ್ಗೆ ಒಂದು ಪ್ರಸ್ತಾವನೆ ಮಾಡಿ, ನನ್ನ ಪದ್ಯಗಳನ್ನು ಓದಿದೆ. ರೇಷ್ಮೆ ಸೀರೆ ಉಟ್ಟಿದ್ದೆ, ಎಲೊಕ್ಯೂಷನ್ ನನಗೆ ಕಾನ್ವೆಂಟಿನಲ್ಲೇ ಬಂದ ವಿದ್ಯೆ, ಓದಿದ್ದು ಚೆನ್ನಾಗಿಯೇ ಇತ್ತು. ಚಪ್ಪಾಳೆ ಬಂತು. ಕೆಲವರದು ನಾನು ಕೂರುತ್ತಿದ್ದೇನೆ ಅನ್ನುವ ಸಂತೋಷದ್ದು.

ಆಗ ಯಾರೋ, "ಆಪಾ ಒಂದು ಹೇಳ್ಲಿ" ಅಂದರು.

"ನನಗ ಯಾವುದೂ ನೆನಪಿರಂಗಿಲ್ರಿ" ಅಂದಳು ಆಕೆ, ಹಿಂದಿನ ಸಾಲಿನಿಂದ.

"ಹೊಸಾದು ಬರೀರಿ ಹಂಗಾರ."

ಆಕೆ ಎದ್ದು, ಅಧ್ಯಕ್ಷರ ಟೇಬಲ್ಲಿನ ಮೇಲಿದ್ದ ಗ್ಲಾಸು ತಗೊಂಡು, ಶಾಮಿಯಾನದಾಚೆ ಬಿಸಿಲಲ್ಲಿದ್ದ ಪರಸಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಆರುವ ಮೊದಲು ಓದಬೇಕಲ್ಲ! ಸಭೆಗೆ ಸಭೆಯೇ ಎದ್ದು ಓಡಿತು. ಅಧ್ಯಕ್ಷರು ಧೋತರ ಎತ್ತಿಕೊಂಡು ಓಡಿ, ಎಲ್ಲರ ಭುಜದ ನಡುವೆ ತಲೆ ತೂರಿಸಿದರು. ಆಕೆ ಒಮ್ಮೆ ತಿರುಗಿ ಶಾಮಿಯಾನ ನೋಡಿದಳು. ಬರೆದಳು:

ಕುರ್ಚಿ ಖಾಲಿಯಾದವು.
ಬಿಸಿಲು ಬಂದು ಕುಂತಿತು.

ಶಾಮಿಯಾನದ ಹರಿದ ಜಾಗದಿಂದ ಬಿಸಿಲಿನ ತುಂಡೊಂದು ಅಧ್ಯಕ್ಷರ ಕುರ್ಚಿಯ ಟವೆಲ್ಲಿನ ಮೇಲೆ ಬಿದ್ದಿತ್ತು, ನಿಜವಾಗಿಯೂ. ಅಧ್ಯಕ್ಷರೇ ಮೊದಲು ನಕ್ಕರು. ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದರು. ಅದರಲ್ಲಿ ಒಂದು ಒದ್ದೆ ಕಲೆ ಬಿಟ್ಟು ಏನೂ ಮೂಡಿರಲಿಲ್ಲ. ಅದನ್ನೇ ಎಲ್ಲರಿಗೂ ಕಳಿಸಿದರು. ಇವತ್ತಿಗೂ ಅಫಜಲಪುರದಲ್ಲಿ ಆ ಗೋಷ್ಠಿಯ ಮಾತು ಬಂದರೆ ಆ ಎರಡು ಸಾಲು ಹೇಳುತ್ತಾರೆ, ಅದೂ ತಪ್ಪುತಪ್ಪಾಗಿ. ನಾನು ಅಂದು ಏನು ಓದಿದೆ ಅಂತ ಕೇಳಿ ನೋಡಿ. "ಆ ಮೇಡಮ್ಮೋರು ರೇಷ್ಮಿ ಸೀರಿ ಉಟ್ಟಿದ್ರು" ಅನ್ನುತ್ತಾರೆ.

ತಪ್ಪುತಪ್ಪಾಗಿ ಹೇಳುತ್ತಾರೆ ಅಂತ ಹೇಗೆ ಗೊತ್ತು ಅಂದರೆ, ಸರಿಯಾದದ್ದು ನನ್ನ ಬಳಿ ಇದೆ. ಇದೇ ನನ್ನ ಶಿಕ್ಷೆ. ನನ್ನ ಪದ್ಯ ನನಗೆ ಪುಸ್ತಕ ನೋಡದೆ ಬರುವುದಿಲ್ಲ. ಆಕೆ ಬರೆದು ಆರಿದ್ದು ಒಂದೊಂದೂ, ಅಕ್ಷರ ಬಿಡದೆ, ನನ್ನ ತಲೆಯಲ್ಲಿ ಕೂತಿದೆ. ಬೇಡ ಅಂದರೂ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಒಂದು ಸಾಲು ಬಂದು ನಿಲ್ಲುತ್ತದೆ. ಕಡೆಗೆ ಏಳುತ್ತಿದ್ದೆ ಅಂದೆನಲ್ಲ, ಆದರೆ ಸರಿಯಾಗಿ ತಲೆಯ ಮೇಲೆ ನಿಂತು ಓದುತ್ತಿದ್ದವಳೂ ನಾನೇ. ಉಳಿದವರು ನೋಡಿ ವಾಹ್ವಾ ಅಂದು ಮರೆಯುತ್ತಿದ್ದರು. ಮೆಚ್ಚಿದವರಿಗೆ ಮರೆಯಲು ಬರುತ್ತದೆ. ಹೊಟ್ಟೆಕಿಚ್ಚು ಪಟ್ಟವರಿಗೆ ಆ ಸೌಕರ್ಯವಿಲ್ಲ.

ಒಂದು ಮಳೆಗಾಲ ಹುಡುಗಿಯರನ್ನು ಸೊನ್ನದ ಬ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆವು. ಗೇಟು ತೆಗೆದಿದ್ದರು, ನೀರಿನ ಮೊರೆತಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಆಪಾ ಕ್ಯೂಸೆಕ್ಸ್, ಕ್ಯಾಚ್‌ಮೆಂಟ್ ಏರಿಯಾ ಅಂತ ಎಲ್ಲ ಗಂಟಲು ಹರಿದುಕೊಂಡು ಚೆನ್ನಾಗಿ ಪಾಠ ಹೇಳಿದಳು. ಭೂಗೋಳದಲ್ಲಿ ಆಕೆ ಬಹಳ ಸ್ಟ್ರಿಕ್ಟ್. ಆಮೇಲೆ ಹುಡುಗಿಯರು ಪಕೋಡಾ ತಿನ್ನುವಾಗ ಬ್ಯಾರೇಜಿನ ತಂಪು ಕಟ್ಟೆ ಮೇಲೆ ಬಾಟಲಿಯ ನೀರಿನಿಂದ ಬರೆದದ್ದು ಇದು. ಮೋಡ ಕವಿದಿತ್ತು, ಅದಕ್ಕೇ ಇಷ್ಟು ಉದ್ದ:

ಗೇಟು ಹಾಕಿದರು ಹೊಳಿಗೆ.
ಹೊಳಿ ಏನೂ ಅನಲಿಲ್ಲ.
ನಿಂತಲ್ಲೇ ಅಗಲಾತು
ಆಕಾಶ ಹಿಡಿಸುವಷ್ಟು.
ಗೇಟು ತೆಗೆದರು.
ಆಗೂ ಏನೂ ಅನಲಿಲ್ಲ.
ಆಕಾಶ ಅಲ್ಲೇ ಬಿಟ್ಟು ಹೋತು.

ನಾನು ಅಂದು ವಾಪಸ್ ಬರುವ ಬಸ್ಸಿನಲ್ಲಿ ತಲೆನೋವು ಅಂತ ಕಣ್ಣು ಮುಚ್ಚಿ ಕೂತೆ. ಪಕ್ಕದ ಸೀಟಿನಲ್ಲಿ ಆಕೆ ಹುಡುಗಿಯರ ಜೊತೆ ಅಂತ್ಯಾಕ್ಷರಿ ಆಡುತ್ತಿದ್ದಳು. ಸೋಲುತ್ತಿದ್ದಳು, ಖುಷಿಯಿಂದ.

ಇಷ್ಟು ಓದಿದವರು ಆಕೆ ಏನೋ ವೈರಾಗಿ, ಕಲ್ಲು ಮನಸ್ಸಿನವಳು ಅಂದುಕೊಳ್ಳಬಾರದು. ನಾನೂ ಬಹಳ ವರ್ಷ ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಏನೂ ಹಚ್ಚಿಕೊಳ್ಳದವರಿಗೆ ಬಿಡುವುದು ಏನು ಕಷ್ಟ ಅಂತ. ಆಮೇಲೆ ಒಂದು ವರ್ಷ ನೆರೆ ಬಂತು. ಆಕೆಯ ಮನೆ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿತ್ತು. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲ. ಮಹಾರಾಷ್ಟ್ರದಲ್ಲಿ ಸುರಿದದ್ದು ಇಲ್ಲಿ ಹೊಳೆಯಾಗಿ ಏರಿತು. ಊರವರನ್ನು ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಶಾಲೆಯಲ್ಲೇ ಇರಿಸಿದರು. ನಾವು ಟೀಚರುಗಳು ಅನ್ನ ಬಡಿಸುತ್ತಿದ್ದೆವು. ಆಪಾ ತಾನು ಪಾಠ ಮಾಡುವ ಕ್ಲಾಸಿನಲ್ಲೇ, ಬೋರ್ಡಿನ ಕೆಳಗೆ, ಒದ್ದೆ ಸೀರೆಯಲ್ಲಿ ಕೂತಿದ್ದಳು. ಪಾತ್ರೆ ಹೋಗಿತ್ತು, ಕಾಳುಕಡಿ ಹೋಗಿತ್ತು, ತಾಯಿ ಕೊಟ್ಟ ಹೊಲಿಗೆ ಮಷೀನು ಹೋಗಿತ್ತು. "ಹೋದ್ವು ಬಿಡ್ರಿ" ಅಂದಳು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ.

ಆಗ ಪಕ್ಕದ ಮನೆಯವನು ಬಂದು, "ಆಪಾ, ನಿಮ್ಮ ಆಡು ಗ್ವಾದಲಿ ಹಂತೇಕ ಸಿಕ್ತ್ರಿ. ಹಗ್ಗ ಕಟ್ಟಿದಂಗಽ ಇತ್ತು" ಅಂದ.

ಆಕೆ ಹೊಯ್ಕೊಂಡ ಧ್ವನಿ ನಾನು ಅದರ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನೆಲಕ್ಕೆ ಕೈ ಬಡಿದು ಬಡಿದು, "ಹಗ್ಗ ಬಿಚ್ಚಲಿಲ್ಲಲ್ರೀ ನಾ, ಎಲ್ಲಾ ಬಿಟ್ಟು ಬಂದೆ, ಅದ್ರ ಹಗ್ಗ ಬಿಚ್ಚಲಿಲ್ಲ" ಅಂತ ಅತ್ತಳು. ಕ್ಲಾಸಿನ ತುಂಬ ಮಂದಿ, ಯಾರ ಲಕ್ಷ್ಯವೂ ಇಲ್ಲ ಆಕೆಗೆ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಅತ್ತು ಅತ್ತು, ಸಂಜೆಗೆ ಎದ್ದು ಮುಖ ತೊಳೆದು, "ಬಾಯಾರ, ಚಾ ಅದೇನು?" ಅಂದಳು. ಕುಡಿದಳು. ರಾತ್ರಿ ಮಲಗಿದಳು. ನಾನಾದರೆ ಕಾನ್ವೆಂಟಿನಲ್ಲಿ ಪ್ರೈಜ್ ತಪ್ಪಿದ್ದಕ್ಕೆ ಅತ್ತದ್ದು ಇನ್ನೂ ಮುಗಿಸಿಲ್ಲ.

ಬಹಳ ದಿನ ಆದ ಮೇಲೆ ಕೇಳಿದೆ: "ಆಪಾ, ಆ ಆಡಿನ ಮ್ಯಾಲ ಒಂದೂ ಬರೀಲಿಲ್ಲಲ್ರಿ?"

ಆಕೆ ತಲೆ ಅಲ್ಲಾಡಿಸಿದಳು. "ಬರದ್ರ ಆರ್ತದಲ್ರಿ. ಅದು ಆರೋದು ಬ್ಯಾಡ" ಅಂದು ಎದೆ ಮುಟ್ಟಿಕೊಂಡಳು.

ಹಾಗಾದರೆ ಆಕೆಯೂ ಒಂದನ್ನು ಇಟ್ಟುಕೊಂಡಿದ್ದಳು. ನಂಬಿದರೆ ನಂಬಿ, ನಾನು ಆ ಆಡಿನ ಮೇಲೂ ಹೊಟ್ಟೆಕಿಚ್ಚು ಪಟ್ಟೆ.

ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಿಟೈರ್ ಆದೆವು. ಆಕೆ ಜೇವರ್ಗಿಗೆ, ತಮ್ಮನ ಮನೆಗೆ ಹೋದಳು. ನಾನು ಯಜಮಾನರು ತೀರಿಹೋದ ಮೇಲೆ ಆಳಂದಕ್ಕೆ ಬಂದೆ. ಫೋನಿನಲ್ಲಿ ಮಾತಾಡುತ್ತಿದ್ದೆವು, ಬಹಳ ಮಟ್ಟಿಗೆ ಮೊಣಕಾಲಿನ ಬಗ್ಗೆ. ಹೋದ ವರ್ಷ ನನ್ನ ಅನುವಾದದ ಪುಸ್ತಕ ಕಡೆಗೂ ಅಚ್ಚಾಯಿತು. ಒಂದು ಪ್ರತಿ ತಗೊಂಡು, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಜೇವರ್ಗಿಗೆ ಹೋದೆ. ಯಾಕೆ ಹೋದೆ ಅಂತ ನಿಮಗೆ ಗೊತ್ತು.

ಆಕೆ ಬಹಳ ಇಳಿದುಹೋಗಿದ್ದಳು. ಕಣ್ಣಿಗೆ ಪೊರೆ, ಆಪರೇಷನ್ ಆಗದಂಥ ಶುಗರ್. ತಲೆ ಮಾತ್ರ ಮೊದಲಿನಂತೆ ಚುರುಕು, ನಾನು ಒಳಗೆ ಕಾಲಿಡುವ ಮೊದಲೇ, ಚಪ್ಪಲಿಯ ಸಪ್ಪಳದ ಮೇಲೆ, "ಬಾಯಾರ ಬಂದ್ರು! ಓಡಿ ಬಂದೀರೋ, ನಡದು ಬಂದೀರೋ?" ಅಂತ ನಕ್ಕಳು. ಅಂಗಳದ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತೆವು. ತಮ್ಮನ ಹೆಂಡತಿ ಖೀರು ತಂದುಕೊಟ್ಟಳು. ಆಪಾ ನನ್ನ ಪುಸ್ತಕವನ್ನು ಎರಡೂ ಕೈಯಿಂದ ಮುಟ್ಟಿ, ಬೆನ್ನು ಸವರಿ, ಮೂಸಿ ನೋಡಿ ತೊಡೆಯ ಮೇಲೆ ಇಟ್ಟುಕೊಂಡಳು.

"ಹಾಳಿ ಚಂದ ಅವ. ಕಣ್ಣಿಗೆ ಕಾಣಂಗಿಲ್ಲ, ನೀವಽ ಓದ್ರಿ."

ಓದಿದೆ. ಒಂದು, ಎರಡು, ಮೂರು. ಆಕೆ ಮೊದಲಿನಂತೆಯೇ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ಭಾಳ ದುಡದೀರಿ ಬಾಯಾರ" ಅಂದಳು. ನನಗೆ ಅರ್ಥವಾಯಿತು. ಪುಸ್ತಕ ಮುಚ್ಚಿದೆ. ಇನ್ನು ಓದುವುದು ಬೇಡ, ಆಕೆಯದೇ ಒಂದನ್ನು ಆಕೆಗೆ ಹೇಳೋಣ ಅನ್ನಿಸಿತು. ಇಷ್ಟು ವರ್ಷ ನನ್ನ ತಲೆಯಲ್ಲಿ ಬಾಡಿಗೆ ಇಲ್ಲದೆ ಕೂತದ್ದು, ಒಡತಿಗೆ ಒಮ್ಮೆ ತೋರಿಸೋಣ ಅಂತ. ನರೋಣಾ ಕಡೆಯ ನಮ್ಮ ತವರಿನ ಹೊಲಕ್ಕೆ ತೊಗರಿ ರಾಶಿಯ ದಿನಗಳಲ್ಲಿ ಆಕೆ ಬಂದಾಗ, ಬಾವಿಯ ಕಟ್ಟೆ ಮೇಲೆ ಬರೆದದ್ದು:

ತೂರುವಾಕಿ ಕಾಯ್ತಾಳ ಗಾಳಿಗೆ.
ಗಾಳಿ ಯಾರಿಗೂ ಕಾಯೂದಿಲ್ಲ.
ಹೊಟ್ಟು ಹೋತು, ಕಾಳು ಉಳೀತು.
ಗಾಳಿಗೆ ಎರಡೂ ಗೊತ್ತಿಲ್ಲ.

ಆಕೆ ಕಣ್ಣು ತೆರೆದಳು. ನನ್ನ ಕಡೆ ಮುಖ ತಿರುಗಿಸಿ, ನನ್ನ ಮೊಣಕೈ ಹಿಡಿದಳು.

"ಛಲೋ ಅದ. ಅರೇ ಬಾಯಾರ, ಭಾಳ ಛಲೋ ಅದ! ಇದನ್ಯಾಕ ಕಡೀಕ ಇಟ್ರಿ? ಮೊದಲ ಓದಬೇಕಿಲ್ಲ?"

"ಆಪಾ, ಇದು ನಿಮ್ಮದು."

"ನನ್ನದು ಹೆಂಗಾಗ್ತದ್ರಿ?"

"ನೀವು ಬರದದ್ದು. ನಮ್ಮ ಹೊಲದಾಗ. ಬಾವಿ ಕಟ್ಟಿ ಮ್ಯಾಲ. ನನಗ ಬಾಯಿಪಾಠ ಅದ."

"ಜಾನೇ ದ್ಯೋ ಬಾಯಾರ. ನಿಮ್ಮ ಹೊಲಕ್ಕ ಬಂದಿದ್ದು ನೆನಪದ. ಸಜ್ಜಿರೊಟ್ಟಿ ಬದನಿಕಾಯಿ ತಿಂದಿದ್ದು ನೆನಪದ. ಇದು ನನ್ನದಾಗಿದ್ರ ನನಗ ಗೊತ್ತಿರತಿದ್ದಿಲ್ಲೇನು?"

"ನಿಮಗ ನಿಮ್ಮದು ಯಾವುದು ಗೊತ್ತದ್ರಿ? ಒಂದಾದ್ರೂ ಹೇಳ್ರಿ ನೋಡೋಣು."

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು, ಪ್ರಾಮಾಣಿಕವಾಗಿ. ಆಮೇಲೆ ನಗುತ್ತಾ ತಲೆ ಅಲ್ಲಾಡಿಸಿದಳು. "ಒಂದೂ ಇಲ್ಲ. ಅದಕ್ಕಽ ಹೇಳ್ತೇನಿ, ನನ್ನವೆಲ್ಲಾ ಅಂಥಾ ಹಗುರನ್ನವು. ಇದು ನಿಂತದ. ಇದ್ರಾಗ ನೀವೂ ಇಲ್ಲ, ಸಿಸ್ಟರೂ ಇಲ್ಲ. ಎಷ್ಟ್ ದಿನಕ್ಕ ಹಾದಿ ಬಿಟ್ರಿ ನೋಡ್ರಿ!"

"ದೇವರಾಣಿ ಮಾಡಿ ಹೇಳ್ತೇನಿ ಆಪಾ..."

"ನನ್ನ ಸಮಾಧಾನಕ್ಕ ಅಂತ ಸುಳ್ಳು ಆಣಿ ಇಡಬ್ಯಾಡ್ರಿ. ಪಾಪ ಬರ್ತದ" ಅಂದು, ಅಡಿಗೆಮನೆಯ ಕಡೆ ಕೂಗಿದಳು. "ಏ ಬೇ, ಹೊರಗ ಬಾ! ನಮ್ಮ ಬಾಯಾರ ಏನ್ ಬರದಾರ ಕೇಳು!" ತಮ್ಮನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಆಪಾ ನನ್ನ ಮೊಣಕೈ ಜಗ್ಗಿ, "ಹೇಳ್ರಿ, ಇನ್ನೊಮ್ಮಿ ಹೇಳ್ರಿ" ಅಂದಳು. ಹೇಳಿದೆ. ಇಬ್ಬರೂ ವಾಹ್ವಾ ಅಂದರು. ಇದು ಆಪಾಂದೇ ಅಂತ ಆ ಹೆಣ್ಣುಮಗಳಿಗೂ ಹೇಳಿದೆ. ಆಕೆ, ಮೇಡಮ್ಮೋರು ಎಷ್ಟು ದೊಡ್ಡ ಮನಸ್ಸಿನವರು ಅನ್ನುವಂತೆ ನನ್ನನ್ನು ನೋಡಿದಳು.

ಏನು ಮಾಡಬೇಕಿತ್ತು ನಾನು? ಜೀವಮಾನ ಕಾದ ಮಾತು ಬಂತು. ಬಂದದ್ದು ಆಕೆಯದೇ ಕವಿತೆಗೆ. ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲ. ತನ್ನ ಅತ್ಯಂತ ಒಳ್ಳೆಯದನ್ನು ತನಗೆ ಗೊತ್ತಿಲ್ಲದೆ ನನಗೆ ಕೊಟ್ಟು, ಕೊಟ್ಟ ಭಾರವೂ ಇಲ್ಲದೆ, ಖೀರು ಆರಿತು ಕುಡೀರಿ ಅನ್ನುತ್ತಾ ಕೂತಿದ್ದಳು. ನನ್ನ ಕವಿತೆ ಚೆನ್ನಾಗಿದೆ ಅನ್ನುವಾಗ ಆಕೆಯ ಮುಖದಲ್ಲಿ ಇದ್ದ ಸಂತೋಷ ನೋಡಿದೆನಲ್ಲ, ಇನ್ನೊಬ್ಬರ ಕವಿತೆಗೆ ನಾನು ಒಮ್ಮೆಯೂ ಅಷ್ಟು ಸಂತೋಷಪಟ್ಟವಳಲ್ಲ. ಆ ಸಂತೋಷವೂ ನನಗೆ ಬೇಕು ಅನ್ನಿಸಿತು.

ಬಸ್ಸಿನ ಹೊತ್ತಾಯಿತು. ಆ ಮನೆ ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ಕೈ ಮಾಡಿದರೆ ಬಾಗಿಲ ಮುಂದೆಯೇ ಬಸ್ಸು ನಿಲ್ಲಿಸುತ್ತಿದ್ದರು. ಆಪಾ ಗೋಡೆ ಹಿಡಿದು ಹಿಡಿದು ಗೇಟಿನ ತನಕ ಬಂದಳು. ನಾನು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ತಿರುಗಿ ನೋಡಿದೆ. ಆಕೆಗೆ ನಾನು ಕಾಣುತ್ತಿರಲಿಲ್ಲ. ಪಕ್ಕದ ಮನೆಯಾಕೆ ಕೊಡ ಕೆಳಗಿಟ್ಟು ಗೇಟಿಗೆ ಒರಗಿ ನಿಂತಿದ್ದಳು. ಆಪಾ ಅವಳಿಗೆ ಏನನ್ನೋ ಬಹಳ ಉಮೇದಿಯಿಂದ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ, ಇಂಜಿನ್ನಿನ ಸದ್ದು ಬಂದ ದಿಕ್ಕಿಗೆ ಅಂದಾಜಿನ ಮೇಲೆ ಕೈ ಎತ್ತಿ, ನನ್ನನ್ನು ತೋರಿಸಿದಳು.